ಜಲ್ಲಿ ಸುರಿದರೆ ಏರು ಕಡಿಮೆಯಾಗುವುದಿಲ್ಲ

ಗುಡ್ಡದಲ್ಲಿ ಹೊಸದಾಗಿ ಮಾಡಿದ ಕುದುರೆ ದಾರಿಯ ಟ್ರಯಲ್ ರೈಡ್ ದಿನ ಎರಡನೆಯ ಕುದುರೆ ವಾಟರ್‌ಬಾರ್‌ನ (ಮಳೆನೀರನ್ನು ಹೊರಗೆ ತಿರುಗಿಸಲು ದಾರಿಗೆ ಅಡ್ಡಲಾಗಿ ಹೂಳುವ ತಡೆ) ಒದ್ದೆ ದಿಮ್ಮಿಯ ಮೇಲೆ ಕಾಲಿಟ್ಟು ಜಾರಿತು. ಸವಾರ ಬೀಳಲಿಲ್ಲ, ಹಿಂದೆ ಬರುತ್ತಿದ್ದ ಸಾಹೇಬರ ಮುಖ ಮಾತ್ರ ಬಿಳಿಚಿಕೊಂಡಿತು. ಮೂರನೆಯದು ದಿಮ್ಮಿಯ ಮುಂದೆ ನಿಂತುಬಿಟ್ಟಿತು. ಎಷ್ಟು ಪುಸಲಾಯಿಸಿದರೂ ಕದಲದೆ, ಕೊನೆಗೆ ಕೆಳಬದಿಯ ಸಡಿಲ ಅಂಚಿನಲ್ಲಿ ಬಳಸಿಕೊಂಡು ಹೋಯಿತು. ಅಂಚು ಕುಸಿಯಿತು. ಸಂಜೆ ಆಫೀಸಿನ ತೀರ್ಪು ಬಂತು: "ಇನ್ನೊಂದು ಲೋಡ್ ಜಲ್ಲಿ ಹಾಕಿಸ್ರಿ."

ಕಾಯಿಲೆ ಇದ್ದದ್ದು ದಾರಿ ಹಿಡಿದ ಜಾಡಿನಲ್ಲಿ, ಅಂದರೆ ಅಲೈನ್‌ಮೆಂಟಿನಲ್ಲಿ. ಅಲ್ಲಿ ಗುಡ್ಡದ ಇಳಿಜಾರು ಶೇ. 18, ದಾರಿಯ ಗ್ರೇಡು (ದಾರಿಯುದ್ದಕ್ಕೆ ಇರುವ ಏರು) ಶೇ. 14. ದಾರಿಯ ಗ್ರೇಡು ಗುಡ್ಡದ ಇಳಿಜಾರಿನ ಅರ್ಧ ದಾಟಬಾರದು, ಅಂದರೆ ಇಲ್ಲಿ ಶೇ. 9. ದಾಟಿತೋ, ಮಳೆನೀರು ದಾರಿಯನ್ನು ಅಡ್ಡಹಾಯ್ದು ಕೆಳಗಿಳಿಯುವ ಬದಲು ದಾರಿಯನ್ನೇ ಹಿಡಿದು ಓಡುತ್ತದೆ. ಗುಡ್ಡ ಎಷ್ಟೇ ಕಡಿದಾಗಿರಲಿ, ಸರಾಸರಿ ಶೇ. 10ರೊಳಗೆ ಇದ್ದರೆ ಕ್ಷೇಮ. ಇಳಿಜಾರು ಅಳೆಯುವ ಕ್ಲೈನೋಮೀಟರ್ ಹಿಡಿದು ಗುರುತಿನ ಟೇಪು ಕಟ್ಟುತ್ತ ಸರಿಯಾಗಿ ಒಂದು ಸಲ ನಡೆದಿದ್ದರೆ ಇದು ಗೊತ್ತಾಗುತ್ತಿತ್ತು. ಆದರೆ ಸರ್ವೆ ಮಾಡಿದ ದಿನ ಪ್ರಗತಿ ವರದಿಯಲ್ಲಿ ಸೊನ್ನೆ ಮೀಟರ್ ಎಂದೇ ಬೀಳುತ್ತದೆ. ಹಾಗಾಗಿ ಹಳೇ ಕಾಲುದಾರಿಯನ್ನೇ ಅಗಲ ಮಾಡಿ ಕೈತೊಳೆದುಕೊಂಡದ್ದು.

ನಡೆಯುವವರ ದಾರಿಗೆ ನಡೆದೀತು ಎನ್ನುವ ಉಡಾಫೆ ಕುದುರೆ ದಾರಿಗೆ ನಡೆಯುವುದಿಲ್ಲ. ಸವಾರ, ಜೀನು ಸೇರಿ ಸುಮಾರು ಅರ್ಧ ಟನ್ ಭಾರ ಗೊರಸುಗಳ ಮೇಲೆ ಬೀಳುತ್ತದೆ. ನಡುಭಾಗ ಕುಗ್ಗಿ, ಮಣ್ಣು ಹೊರಬದಿಗೆ ತಳ್ಳಿಕೊಂಡು ಬರ್ಮ್ (ಅಂಚಿನುದ್ದಕ್ಕೂ ಮಣ್ಣಿನ ದಿಂಡು) ಏಳುತ್ತದೆ. ಹೊರಬದಿಗೆ ಕೊಟ್ಟ ಶೇ. 5ರ ಓರೆ ಮಾಯವಾಗಿ ದಾರಿ ದೋಣಿಯಂತಾಗುತ್ತದೆ. ಆದ್ದರಿಂದಲೇ ಫುಲ್ ಬೆಂಚ್ ಕಟ್: ಪೂರ್ತಿ ಅಗಲವನ್ನೂ ಗುಡ್ಡ ಕಡಿದೇ ತೆಗೆಯಬೇಕು, ಕಡಿದ ಮಣ್ಣನ್ನು ದೂರ ಎರಚಬೇಕು. ಆ ಮಣ್ಣನ್ನೇ ಅಂಚಿಗೆ ತುಂಬಿ ಅಗಲ ತೋರಿಸಿದರೆ ಮೂರನೆಯ ಕುದುರೆಗೆ ಆದ ಗತಿಯೇ. ಬರ್ಮ್ ಕೆರೆಯುವ ಕೆಲಸವನ್ನು ಪ್ರತಿವರ್ಷ ಮಳೆಗೆ ಮೊದಲೇ ಮುಗಿಸಬೇಕು. ಅದಕ್ಕೆ ಬಜೆಟ್ ಕೇಳಿದರೆ "ಹೊಸ ದಾರಿಗೇಕೆ ದುರಸ್ತಿ?" ಎನ್ನುತ್ತಾರೆ.

ದಿಮ್ಮಿ ವಾಟರ್‌ಬಾರ್ ಕುದುರೆ ದಾರಿಗೆ ಬೇಡ. ಹಿಂದೆ ಹೂಳು ತುಂಬಿ ನೀರು ಮೇಲೆ ಹರಿಯುತ್ತದೆ, ಕುದುರೆ ಅದನ್ನು ತಪ್ಪಿಸಲು ಪಕ್ಕದಲ್ಲಿ ಹೊಸ ದಾರಿ ತುಳಿಯುತ್ತದೆ. ಅದರ ಬದಲು ರೋಲಿಂಗ್ ಡಿಪ್, ಅಂದರೆ ನೀರನ್ನು ಹೊರಬದಿಗೆ ಹರಿಸುವ ತಗ್ಗು-ಉಬ್ಬು, ಮಾಡಿ. ಸುಮಾರು 3 ಮೀಟರ್ ಉದ್ದದ ತಗ್ಗು, ಹೊರಬದಿಗೆ ಶೇ. 15ರಷ್ಟು ಓರೆ. ಅಲ್ಲಿ ತೆಗೆದ ಮಣ್ಣನ್ನು ಕೆಳಗಿನ ಕಡೆ 3ರಿಂದ 6 ಮೀಟರ್ ಉದ್ದಕ್ಕೆ ಉಬ್ಬಾಗಿ ಹಾಕಿ ಬಡಿಯಬೇಕು. ಗಿಡ್ಡದಾದರೆ ಗೊರಸು ಅದನ್ನು ಸಮ ಮಾಡಿಬಿಡುತ್ತದೆ. ತೊರೆ ಸಿಗುವ ಮೊದಲು ಒಂದು ಡಿಪ್ ಕಡ್ಡಾಯ, ಇಲ್ಲದಿದ್ದರೆ ದಾರಿಯ ಕೆಸರೆಲ್ಲ ತೊರೆಗೇ.

ಜಲ್ಲಿಗೂ ಜಾಗ ಉಂಟು: ಸಮತಟ್ಟಾಗಿದ್ದು ಸದಾ ಜಿನುಗುವ ನೆಲ. ನೇರ ಕೆಸರಿಗೆ ಸುರಿದರೆ ಜಲ್ಲಿ ಮುಳುಗುತ್ತದೆ, ಕೆಸರು ಮೇಲೆ ಬರುತ್ತದೆ. ಕೆಳಗೆ ನೀರು ಬಿಟ್ಟು ಕೆಸರು ತಡೆಯುವ, ನೇಯದ ಬಟ್ಟೆ, ನಾನ್‌ವೋವನ್ ಜಿಯೋಟೆಕ್ಸ್‌ಟೈಲ್ ಹಾಸಿ, ಜೋಡಣೆಯಲ್ಲಿ ಕನಿಷ್ಠ 30 ಸೆಂ.ಮೀ. ಒಂದರ ಮೇಲೊಂದು ಬರುವಂತೆ ನೋಡಿಕೊಂಡು, ಬಡಿದ ಮೇಲೆ 15 ಸೆಂ.ಮೀ. ಉಳಿಯುವಷ್ಟು ಜಲ್ಲಿ ಹಾಕಬೇಕು. ತೆಳುವಾದರೆ ಬಟ್ಟೆ ಗೊರಸಿಗೆ ಸಿಕ್ಕಿ ಹರಿಯುತ್ತದೆ, ಪಟಪಟ ಸದ್ದಿಗೆ ಕುದುರೆ ಬೆದರುತ್ತದೆ. ಕ್ರಷರ್‌ನಿಂದ ಬಂದ ಮೂಲೆಯಿರುವ ಕಲ್ಲು, ಪುಡಿ ಸಮೇತ, ಆಗಬೇಕು. ಹೊಳೆಯ ನುಣುಪುಗಲ್ಲು ಉರುಳುತ್ತದೆ. ದಪ್ಪ ಕಲ್ಲು ಗೊರಸಿನಲ್ಲಿ ಸಿಕ್ಕಿಕೊಳ್ಳುತ್ತದೆ.

ಕೊನೆಗೆ ಆ ತುಂಡನ್ನು ಬಿಟ್ಟು ಗುಡ್ಡವನ್ನು ಸುತ್ತುಬಳಸಿ ಶೇ. 8ರಲ್ಲಿ ಹೊಸ ದಾರಿ ಕಡಿಯಬೇಕಾಯಿತು. ಹಳೆಯದಕ್ಕೆ ಬೋರ್ಡು ಹಾಕಿದರೆ ಮುಚ್ಚಿದಂತಲ್ಲ. ಗಟ್ಟಿಯಾದ ಮಣ್ಣನ್ನು ಪಿಕಾಸಿಯಿಂದ ಸಡಿಲಿಸಿ, ನೀರು ಕೊರೆದ ಕಡೆಗಳಲ್ಲಿ ಅಡ್ಡಕ್ಕೆ ಕಲ್ಲು ಕಟ್ಟಿ, ಮೇಲೆ ತರಗೆಲೆ, ಕೊಂಬೆ ಹರಡಬೇಕು. ಎರಡೂ ತುದಿಗಳಲ್ಲಿ ಕಣ್ಣಿಗೆ ಬೀಳುವಷ್ಟು ದೂರ ಮುಳ್ಳುಕೊಂಬೆ ಒತ್ತಾಗಿರಲಿ. ಹಳೇ ದಾರಿ ಕಂಡರೆ ಸವಾರ ತಿರುಗಿಸದಿದ್ದರೂ ಕುದುರೆ ತಾನೇ ತಿರುಗುತ್ತದೆ.