ಮೂರು ಸಲ ಬಂದರೂ ನಾನು ನೋಡಲಿಲ್ಲ

ತಾಲೂಕು ಆಸ್ಪತ್ರೆ, ಸ್ತ್ರೀರೋಗ ಓಪಿಡಿ. ಸೋಮವಾರ ಬಂತೆಂದರೆ ನೂರರ ಮೇಲೆ ಚೀಟಿ, ಅರ್ಧ ಎಎನ್‌ಸಿ, ಅಂದರೆ ಗರ್ಭಿಣಿಯರ ತಪಾಸಣೆ. 58 ವರ್ಷದ ಆ ಅಮ್ಮ ನಾಲ್ಕು ತಿಂಗಳಲ್ಲಿ ಮೂರು ಸಲ ಬಂದಿದ್ದರು. ಮೂರೂ ಸಲ ಒಂದೇ ಮಾತು: "ಕೆಳಗೆ ಉರಿ ಮೇಡಂ, ಕೂರೋಕಾಗಲ್ಲ." ನಾನು ಉರಿಮೂತ್ರ ಅಂತ ಬರೆದೆ. ಎರಡು ಸಲ ಆ್ಯಂಟಿಬಯಾಟಿಕ್, ಮೂರನೇ ಸಲ ಫಂಗಸ್‌ಗೆ ಕೊಡುವ ಕ್ಲೋಟ್ರಿಮಜೋಲ್. ಒಮ್ಮೆಯೂ ಟೇಬಲ್ ಮೇಲೆ ಮಲಗಿಸಿ ನೋಡಲಿಲ್ಲ.

ನಾಲ್ಕನೇ ಸಲ ಬಟ್ಟೆಯಲ್ಲಿ ರಕ್ತದ ಕಲೆ ಕಂಡು ಹೆದರಿ ಬಂದರು. ಮುಟ್ಟು ನಿಂತು 11 ವರ್ಷ. ನನಗೂ ಭಯವಾಯ್ತು, ಕ್ಯಾನ್ಸರ್ ಇರಬಹುದಾ ಅಂತ. ಆ ಗಾಬರಿಯಲ್ಲೇ ಸಿಸ್ಟರ್ ಕೊಟ್ಟ ಮೀಡಿಯಂ ಸೈಜಿನ ಕಸ್ಕೋ, ಯೋನಿ ತೆರೆದು ನೋಡುವ ಉಪಕರಣ, ಹಾಕಲು ಹೋದೆ. ಅವರು ಸಿಸ್ಟರ್ ಕೈ ಹಿಡಿದು ಕೂಗಿಕೊಂಡರು. ತಕ್ಷಣ ಬಿಟ್ಟೆ. ಗ್ಲೌಸ್ ಮೇಲೆ ರಕ್ತ. ಹೊರಗೆ ಜನ ಬಾಗಿಲು ತಟ್ಟುತ್ತಿದ್ದಾರೆ, ಒಳಗೆ ಆ ಅಮ್ಮನ ಕಣ್ಣಲ್ಲಿ ನೀರು, ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. ಸುಮ್ನೆ ಪಕ್ಕದಲ್ಲಿ ನಿಂತೆ. ಸ್ವಲ್ಪ ಹೊತ್ತಾದ ಮೇಲೆ ಅವರನ್ನು ಕೇಳಿ, ಜೆಲ್ಲಿ ಹಚ್ಚಿ, ಸಣ್ಣ ಸೈಜಿನದು ಹಾಕಿದೆ.

ಯೋನಿಯ ಗೋಡೆ ತೆಳ್ಳಗೆ, ಬಿಳಿಚಿಕೊಂಡಿತ್ತು. ಮಡಿಕೆಗಳೇ ಇಲ್ಲ. ಅಲ್ಲಲ್ಲಿ ರಕ್ತದ ಚುಕ್ಕೆ. ಪಿಎಚ್ 6, ಅಂದರೆ ಇರಬೇಕಾದಷ್ಟು ಆಮ್ಲೀಯತೆ ಇಲ್ಲ. ಆಮೇಲೆ ಫೈಲ್ ತಿರುವಿದರೆ ಎರಡು ಯೂರಿನ್ ಕಲ್ಚರ್, ಎರಡೂ ನೋ ಗ್ರೋತ್, ಬ್ಯಾಕ್ಟೀರಿಯಾ ಬೆಳೆದೇ ಇರಲಿಲ್ಲ. ರಿಪೋರ್ಟ್ ಅಲ್ಲೇ ಇತ್ತು, ನಾನು ಹಾಳೆ ಮಗುಚಿರಲಿಲ್ಲ.

ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಹಾರ್ಮೋನ್ ಇಳಿದರೆ ಯೋನಿ ಒಣಗುವುದಷ್ಟೇ ಅಲ್ಲ, ಮೂತ್ರದ ದಾರಿಯ ಪದರವೂ ತೆಳುವಾಗುತ್ತದೆ. 2014ರಲ್ಲಿ ಇದಕ್ಕೆ ಜಿಎಸ್‌ಎಂ (ಜೆನಿಟೋಯೂರಿನರಿ ಸಿಂಡ್ರೋಮ್ ಆಫ್ ಮೆನೋಪಾಸ್) ಅಂತ ಹೊಸ ಹೆಸರಿಟ್ಟಿದ್ದಕ್ಕೆ ಒಂದು ಕಾರಣವೇ ಇದು, ಮೂತ್ರದ ತೊಂದರೆಯೂ ಸೇರಲಿ ಅಂತ. ನಾನು ಓದಿದ್ದೆ. ಎದುರಿಗೆ ಕೂತಾಗ ಹೊಳೆಯಲಿಲ್ಲ. ಮೈ ಬಿಸಿಯಾಗಿ ಬೆವರುವುದು ಹೆಚ್ಚಿನವರಿಗೆ ಕೆಲವು ವರ್ಷಕ್ಕೆ ಕಡಿಮೆಯಾಗುತ್ತದೆ, ಇದು ಹಾಗಲ್ಲ, ಬಿಟ್ಟಷ್ಟೂ ಜಾಸ್ತಿ.

ಕೇಳಿದ ಮೇಲೆ ಅವರು ಹೇಳಿದರು: ಉರಿ ಹೋಗಲಿ ಅಂತ ದಿನಾ ಸೋಪು ಹಾಕಿ ತೊಳೆಯುತ್ತಿದ್ದರು. ಗಂಡನ ಜೊತೆ ಮಲಗಿ ಐದು ವರ್ಷ. "ನಂಗೆ ಕೋಪ ಅಂದ್ಕೊಂಡಿದ್ದಾರೆ ಮೇಡಂ. ನೋವು ಅಂತ ಹೆಂಗೆ ಹೇಳಲಿ?"

ರಕ್ತ ಕಂಡಿದ್ದರಿಂದ ಒಣಗಿದ್ದಕ್ಕೇ ಬಂದಿದ್ದು ಅಂತ ಬಿಡುವ ಹಾಗಿರಲಿಲ್ಲ. ಗರ್ಭಕಂಠದ ಕ್ಯಾನ್ಸರ್ ಇದೆಯಾ ಅಂತ ಪ್ಯಾಪ್ ಪರೀಕ್ಷೆ ಮಾಡಿಸಿದೆವು. ಸ್ಕ್ಯಾನ್‌ನಲ್ಲಿ ಎಂಡೋಮೆಟ್ರಿಯಂ, ಗರ್ಭಕೋಶದ ಒಳಪದರ, 3 ಮಿ.ಮೀ. ಎರಡೂ ಸರಿಯಿತ್ತು. ಸ್ತನ ಕ್ಯಾನ್ಸರ್ ಆಗಿತ್ತಾ ಅಂತ ಕೇಳಿದೆ, ಇಲ್ಲ ಅಂದರು. ಆಗಿದ್ದರೆ ಕ್ಯಾನ್ಸರ್ ಡಾಕ್ಟರನ್ನು ಕೇಳದೆ ಹಾರ್ಮೋನ್ ಕೊಡುತ್ತಿರಲಿಲ್ಲ. ಸೋಪು ನಿಲ್ಲಿಸಿ, ಯೋನಿಗೆ ಹಚ್ಚುವ ಈಸ್ಟ್ರೋಜನ್, ಎಸ್ಟ್ರಿಯಾಲ್ ಕ್ರೀಮ್ ಬರೆದೆ: ಎರಡು ವಾರ ದಿನಾ ರಾತ್ರಿ, ಆಮೇಲೆ ವಾರಕ್ಕೆ ಎರಡು ಸಲ. ಕೂಡುವಾಗ ನೀರಿನಂಶದ ಜೆಲ್ಲಿ. ನಾಲ್ಕು ದಿನಕ್ಕೆ ಗುಣ ಕಾಣಲ್ಲ, ವಾರಗಟ್ಟಲೆ ಬೇಕು, ನಿಲ್ಲಿಸಿದರೆ ಮತ್ತೆ ಬರಬಹುದು ಅಂತ ಎರಡೆರಡು ಸಲ ಹೇಳಿದೆ.

ಆ ಕ್ರೀಮ್ ನಮ್ಮ ಫಾರ್ಮಸಿಯಲ್ಲಿಲ್ಲ. ಎರಡು ಸಲ ಇಂಡೆಂಟ್ (ಬೇಡಿಕೆ ಪಟ್ಟಿ) ಹಾಕಿದೆ, ತುರ್ತಲ್ಲ ಅಂತ ವಾಪಸ್ ಬಂತು. ಬೇಡದ ಆ್ಯಂಟಿಬಯಾಟಿಕ್ ಮಾತ್ರ ಡಬ್ಬಗಟ್ಟಲೆ ಇದೆ, ಅದನ್ನೇ ಅಲ್ವಾ ನಾನೂ ಬರೆದಿದ್ದು. ಅವರು ದುಡ್ಡು ಕೊಟ್ಟು ಹೊರಗೆ ತಂದರು.

ಮೂರು ತಿಂಗಳ ಮೇಲೆ ಬಂದಾಗ ಉರಿ ಇಲ್ಲ ಅಂದರು. ಗಂಡನೂ ಜೊತೆಗೆ ಬಂದಿದ್ದರು, ಬಾಗಿಲ ಹೊರಗೆ ಬ್ಯಾಗ್ ಹಿಡಿದು ಕೂತಿದ್ದರು.

ಈಗ ಮುಟ್ಟು ನಿಂತವರು ಯಾವ ತೊಂದರೆಗೆ ಬಂದರೂ ಒಣಗುತ್ತಾ, ಕೂಡುವಾಗ ನೋವಾ ಅಂತ ನಾನೇ ಕೇಳುತ್ತೇನೆ. ಮೂರನೇ ಇಂಡೆಂಟ್ ಹೋದ ವಾರ ಕಳಿಸಿದೆ. ಸಣ್ಣ ಕಸ್ಕೋ ನಾಲ್ಕನ್ನೂ ಸೇರಿಸಿದ್ದೇನೆ.