ಪಂಪ್‌ಸೆಟ್ಟಿನ ಸೆಟ್ಟು, ಸನ್‌ಸೆಟ್ಟಿನ ಸೆಟ್ಟು

ತಿಪಟೂರು ಕಡೆಯ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ನಾನು ಇಂಗ್ಲಿಷ್ ಹೇಳಿಕೊಡುತ್ತೇನೆ. ಸುತ್ತ ತೆಂಗಿನ ತೋಟ. ಕರೆಂಟು ಬಂದ ತಕ್ಷಣ ಎಲ್ಲೋ ಒಂದು ಮೋಟರ್ ಶುರುವಾಗುತ್ತದೆ, ಸದ್ದು ಕ್ಲಾಸಿನವರೆಗೂ ಬರುತ್ತದೆ. ಹೋದ ವಾರ ಒಂಬತ್ತನೇ ಕ್ಲಾಸಿನ ಪಾಠದಲ್ಲಿ ಸನ್‌ಸೆಟ್ ಅನ್ನೋ ಪದ ಬಂತು. ಹಿಂದಿನ ಬೆಂಚಿನ ಹುಡುಗ ಎದ್ದು ನಿಂತ.

"ಮಿಸ್, ಪಂಪ್‌ಸೆಟ್ಟಲ್ಲೂ ಸೆಟ್ ಇದೆಯಲ್ಲ, ಅದೂ ಇದೂ ಒಂದೇನಾ?"

"ಒಂದೇ ಕಣೋ, ಒಂದು ಪದಕ್ಕೆ ಬೇಕಾದಷ್ಟು ಅರ್ಥ ಇರುತ್ತೆ" ಅಂದುಬಿಟ್ಟೆ. ಬೆಲ್ ಹೊಡೆಯಿತು. ನನಗೆ ಮಾತ್ರ ಸಮಾಧಾನ ಆಗಲಿಲ್ಲ. ರಾತ್ರಿ ಅಡುಗೆ ಮುಗಿಸಿ ನಿಘಂಟು ತೆಗೆದು ಕೂತೆ. ನಾನು ಹೇಳಿದ್ದು ತಪ್ಪಾಗಿತ್ತು.

ಸೆಟ್ ಅಂದರೆ ಮೂಲದಲ್ಲಿ ಎರಡು ಬೇರೆ ಪದಗಳು. ಒಂದು ಹಳೇ ಇಂಗ್ಲಿಷಿನ ಸೆಟ್ಟಾನ್. ಸಿಟ್ ಅಂದರೆ ಕೂರು, ಸೆಟ್ ಅಂದರೆ ಕೂರಿಸು. ನಾವು 'ಇಸು' ಹಚ್ಚಿ ಮಾಡೋ ಕೆಲಸವನ್ನು ಅವರು ಒಂದು ಸ್ವರ ಬದಲಿಸಿ ಮಾಡಿದ್ದಾರೆ, ಅಷ್ಟೆ. ಇದು ಹೊಳೆದ ಮೇಲೆ ನನಗೆ ನಿದ್ದೆಯೇ ಬರಲಿಲ್ಲ. ಯಾಕೆಂದರೆ ಇಂಗ್ಲಿಷಿನವರು ಸೆಟ್ ಅನ್ನೋ ಕಡೆಯೆಲ್ಲ ನಾವೂ ಕೂರಿಸುತ್ತೇವೆ! ಮುರಿದ ಮೂಳೆ ಕೂರಿಸುತ್ತೇವೆ. ಓಲೆಗೆ ಹರಳು ಕೂರಿಸುತ್ತೇವೆ. ಬೀದಿಯಲ್ಲಿ ಗಣಪತಿ ಕೂರಿಸುತ್ತೇವೆ. ಸೂರ್ಯನೂ ಅಷ್ಟೆ. ಹಳೇ ಇಂಗ್ಲಿಷಿನಲ್ಲಿ ಸಂಜೆ ಹೊತ್ತು ಸೂರ್ಯ ತನ್ನ ಪೀಠಕ್ಕೆ ಹೋಗುತ್ತಾನೆ ಅನ್ನುತ್ತಿದ್ದರು. ದಿನವಿಡೀ ನಡೆದವನು ಹೋಗಿ ಕೂರುತ್ತಾನೆ. ಎಷ್ಟು ಚೆನ್ನಾಗಿದೆ, ಅಲ್ವಾ?

ಇನ್ನೊಂದು ಸೆಟ್ ಫ್ರೆಂಚ್ ದಾರಿ ಹಿಡಿದು ಲ್ಯಾಟಿನ್ನಿನಿಂದ ಬಂದದ್ದು. ಅಲ್ಲಿ ಸೆಕ್ಟಾ ಅಂದರೆ ಒಬ್ಬರನ್ನು ಹಿಂಬಾಲಿಸುವ ಜನ. ಪಂಥ ಅನ್ನೋ ಅರ್ಥದ ಸೆಕ್ಟ್ ಕೂಡ ಇದರದ್ದೇ ಒಡಹುಟ್ಟು. ಜನರ ಗುಂಪು ಹೋಗಿ ವಸ್ತುಗಳ ಗುಂಪಾಯಿತು. ಮೋಟರು, ಪಂಪು ಸೇರಿ ಪಂಪ್‌ಸೆಟ್. ಗಣಿತದ ಮೇಷ್ಟ್ರು ಗಣ ಅಂತ ಹೇಳಿಕೊಡೋದೂ ಇದನ್ನೇ. ಮುಂದೆ ಎರಡೂ ಬೆರೆತು ಒಂದರ ನೆರಳು ಇನ್ನೊಂದರ ಮೇಲೆ ಬಿತ್ತು.

ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ 1989ರ ಆವೃತ್ತಿಯಲ್ಲಿ ಎಲ್ಲಕ್ಕಿಂತ ಉದ್ದದ ವಿವರಣೆ ಇದ್ದದ್ದು ಸೆಟ್‌ಗೇ. ಈಗ ರನ್ ಮುಂದಿದೆ. ಅದರ ಕ್ರಿಯಾಪದಕ್ಕೇ 645 ಅರ್ಥಗಳು, ಅದನ್ನು ಹೊಂದಿಸಲು ಪೀಟರ್ ಗಿಲಿವರ್ ಎಂಬ ನಿಘಂಟುಕಾರರಿಗೆ ಒಂಬತ್ತು ತಿಂಗಳು ಹಿಡಿಯಿತು. ಗೈಡಿನಲ್ಲಿ ಹತ್ತು ಅರ್ಥ ಕೊಟ್ಟು ಬಾಯಿಪಾಠ ಮಾಡಿ ಅನ್ನೋದನ್ನು ನೋಡಿದರೆ ನನಗೆ ಸಂಕಟ ಆಗುತ್ತದೆ. 'ಕೂರಿಸು' ಅನ್ನೋ ಒಂದು ಬೇರು ತೋರಿಸಿದರೆ ಮಕ್ಕಳೇ ಅರ್ಧ ಅರ್ಥ ಹುಡುಕಿಕೊಳ್ಳುತ್ತಾರೆ.

ಮಾರನೇ ದಿನ ಮೊದಲು ಆ ಹುಡುಗನಿಗೆ, "ನಿನ್ನೆ ನಾನು ತಪ್ಪು ಹೇಳಿದೆ, ನಿನ್ನ ಅನುಮಾನ ಸರಿ" ಅಂದೆ. ಬೋರ್ಡಿನ ಮೇಲೆ ಎರಡು ಮನೆ ಬರೆದೆ: ಕೂರಿಸು, ಗುಂಪು. ನಿಮಗೆ ಗೊತ್ತಿರೋ ಸೆಟ್ ಎಲ್ಲ ಹೇಳಿ ಅಂದೆ. ಗಾರೆ ಕೆಲಸದವರ ಮಗ, "ಸಿಮೆಂಟ್ ಸೆಟ್ ಆಗೋವರೆಗೂ ತುಳೀಬೇಡ ಅಂತಾರೆ ನಮ್ಮಪ್ಪ" ಅಂದ. ಕೂರಿಸು, ಅಂತ ಕ್ಲಾಸೇ ಕೂಗಿತು. ಸೆಟ್ ದೋಸೆ? ಒಂದೇ ತಟ್ಟೆಯಲ್ಲಿ ಎರಡು ಮೂರು ಬರುತ್ತೆ, ಅದು ಗುಂಪು. ಅಲಾರಂ ಸೆಟ್ ಮಾಡೋದು? ಮುಳ್ಳನ್ನು ಜಾಗಕ್ಕೆ ಕೂರಿಸೋದು. ಪರೀಕ್ಷೆಯಲ್ಲಿ ಸೆಟ್ ಎ ಪೇಪರ್ ಸೆಟ್ ಮಾಡಿದರು ಅಂದರೆ? ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಒಬ್ಬಳು ಮೊದಲನೆಯದನ್ನು ಗುಂಪಿಗೆ, ಎರಡನೆಯದನ್ನು ಕೂರಿಸುಗೆ ಹಾಕಿದಳು.

ಕೊನೆಗೆ ಮುಂದಿನ ಬೆಂಚಿನವಳು ಕೇಳಿದಳು. "ಮಿಸ್, ಈ ಬಣ್ಣ ನಂಗೆ ಸೆಟ್ ಆಗಲ್ಲ ಅಂತೀವಲ್ಲ, ಅದು?"

ಅದು ಇಂಗ್ಲಿಷಿನವರದ್ದಲ್ಲ, ನಾವೇ ಮಾಡಿಕೊಂಡದ್ದು. ಎರಡೂ ಮನೆಯ ಪಕ್ಕ ಇನ್ನೊಂದು ಮನೆ ಬರೆದು ಚಾಕ್‌ಪೀಸನ್ನು ಅವಳ ಕೈಗೇ ಕೊಟ್ಟೆ.