ಎಲ್ಲರೂ ಮಾಸ್ಕ್ ಹಾಕಿದ್ದಾಗಲೂ ರಕ್ತದ ಸೋಂಕು ಏಕೆ ಹೆಚ್ಚಿತು?

ನಾನು ಆಸ್ಪತ್ರೆಯ ಮೈಕ್ರೋಬಯಾಲಜಿ ಲ್ಯಾಬಿನಲ್ಲಿ ಕೆಲಸ ಮಾಡುವವಳೆಂದು ತಿಳಿದವರು ಇಂದಿಗೂ ಒಂದು ಪ್ರಶ್ನೆ ಕೇಳುತ್ತಾರೆ: ಕೋವಿಡ್ ಕಾಲದಲ್ಲಿ ಎಲ್ಲರೂ ಮಾಸ್ಕ್ ಹಾಕಿ, ಕೈ ತೊಳೆದು, ಮನೆಯಲ್ಲೇ ಇದ್ದ ಮೇಲೆ, ಬ್ಯಾಕ್ಟೀರಿಯಾ ರಕ್ತಕ್ಕೆ ಸೇರಿ ಆಗುವ ಸಾವುಗಳೂ ಕಡಿಮೆಯಾಗಬೇಕಿತ್ತಲ್ಲವೇ?

ಆ ಬ್ಯಾಕ್ಟೀರಿಯಾ ಎಲ್ಲಿಂದ ಬಂತು ಎಂಬುದರ ಮೇಲೆ ಉತ್ತರ ನಿಂತಿದೆ. ಕೆಮ್ಮು, ಸೀನುಗಳಿಂದ ಹರಡುವ ಬ್ಯಾಕ್ಟೀರಿಯಾಗಳಾದ ನ್ಯೂಮೋಕಾಕಸ್, ಮೆನಿಂಗೋಕಾಕಸ್‌ಗಳ ತೀವ್ರ ಸೋಂಕು 2020ರ ಆರಂಭದಲ್ಲೇ 26 ದೇಶ ಹಾಗೂ ಪ್ರದೇಶಗಳಲ್ಲಿ ಗಣನೀಯವಾಗಿ ಇಳಿಯಿತು. ಹೋಲಿಕೆಗೆಂದು ಎಣಿಸಿದ, ಉಸಿರಿನಿಂದ ಹರಡದ ಗ್ರೂಪ್ ಬಿ ಸ್ಟ್ರೆಪ್ಟೋಕಾಕಸ್ ಎಂಬ ಬ್ಯಾಕ್ಟೀರಿಯಾದ ಸೋಂಕು ಮಾತ್ರ ಇದ್ದಷ್ಟೇ ಇತ್ತು. ಜನ ದೂರವಿದ್ದುದು ಈ ಇಳಿಕೆಗೆ ಕಾರಣವಾಗಿರಬಹುದು ಎನ್ನಲು ಇದೊಂದು ಒಳ್ಳೆಯ ಸುಳಿವು.

ಐಸಿಯು ಒಳಗೆ ನಡೆದದ್ದು ಬೇರೆಯೇ. ಕುತ್ತಿಗೆಯ ದೊಡ್ಡ ರಕ್ತನಾಳಕ್ಕೆ ಹಾಕಿದ ಕೊಳವೆಗೆ, ಅಂದರೆ ಸೆಂಟ್ರಲ್ ಲೈನಿಗೆ, ಔಷಧಿ ಕೊಡುವ ಮುನ್ನ ಪ್ರತಿ ಸಲವೂ ಅದರ ಬಾಯಿಯನ್ನು ಸ್ಪಿರಿಟ್ಟಿನಿಂದ ಚೆನ್ನಾಗಿ ಉಜ್ಜಿ, ಒಣಗಲು ಬಿಟ್ಟು, ಆಮೇಲೆ ಸಿರಿಂಜ್ ಜೋಡಿಸಬೇಕು. ಡ್ರೆಸಿಂಗ್ ಒದ್ದೆಯಾದರೆ ಕೂಡಲೇ ಬದಲಿಸಬೇಕು. ಇಲ್ಲವಾದರೆ ಆ ಲೈನಿನ ಮೂಲಕವೇ ಬ್ಯಾಕ್ಟೀರಿಯಾ ರಕ್ತಕ್ಕೆ ಸೇರಬಹುದು. ಪಿಪಿಇ ಕಿಟ್‌ನೊಳಗೆ ಬೆವರುತ್ತಾ, ಎಂದಿಗಿಂತ ಹೆಚ್ಚು ರೋಗಿಗಳನ್ನು ನೋಡಿಕೊಳ್ಳಬೇಕಾದ ನರ್ಸ್‌ಗೆ, ಅದರಲ್ಲೂ ರೋಗಿಯನ್ನು ಬೋರಲು ಮಲಗಿಸಿ ಆ ಲೈನು ಕಣ್ಣಿಗೇ ಬೀಳದಿರುವಾಗ, ಈ ಶಿಸ್ತನ್ನು ಪಾಲಿಸುವುದು ಎಷ್ಟು ಕಷ್ಟವೆಂದು ಹೊರಗಿನವರು ಊಹಿಸಲಾರರು. ಜೀವ ಉಳಿಸಿದ ಸ್ಟೀರಾಯ್ಡ್ ಕೂಡ ದೇಹದ ರೋಗನಿರೋಧಕ ಶಕ್ತಿಯನ್ನು ತಗ್ಗಿಸುತ್ತಿತ್ತು. ಅಮೆರಿಕದ ಆಸ್ಪತ್ರೆಗಳಲ್ಲಿ ಸೆಂಟ್ರಲ್ ಲೈನಿನಿಂದ ಬರುವ ರಕ್ತದ ಸೋಂಕು 2020ರ ಕೊನೆಯ 3 ತಿಂಗಳಲ್ಲಿ, ಹಿಂದಿನ ವರ್ಷದ ಅದೇ ಅವಧಿಗಿಂತ ಶೇ. 47ರಷ್ಟು ಹೆಚ್ಚಿತ್ತು.

ನಮ್ಮಲ್ಲಿ, ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಜಾಲದ 10 ಆಸ್ಪತ್ರೆಗಳಲ್ಲಿ 2020ರ ಜೂನ್‌ನಿಂದ ಆಗಸ್ಟ್‌ವರೆಗೆ ದಾಖಲಾದ 17,534 ಕೋವಿಡ್ ರೋಗಿಗಳ ಪೈಕಿ ಇನ್ನೊಂದು ಸೋಂಕು ತಗಲಿದವರು ಶೇ. 3.6 ಮಾತ್ರ. ಒಟ್ಟಾರೆ ಸಾವಿನ ಪ್ರಮಾಣ ಶೇ. 10.6 ಇದ್ದರೆ, ಇವರಲ್ಲಿ ಅದು ಶೇ. 56.7 ಆಗಿತ್ತು. ಮೊದಲೇ ಅತ್ಯಂತ ಅಸ್ವಸ್ಥರಾಗಿದ್ದವರಿಗೇ ಇಂಥ ಸೋಂಕು ತಗಲುವುದರಿಂದ ಎಲ್ಲ ಸಾವುಗಳನ್ನೂ ಬ್ಯಾಕ್ಟೀರಿಯಾದ ಲೆಕ್ಕಕ್ಕೆ ಹಾಕಲಾಗದು, ನಿಜ. ಆದರೆ ಅವರಲ್ಲಿ ಹೆಚ್ಚಾಗಿ ಸಿಕ್ಕಿದ್ದು ಆಸ್ಪತ್ರೆಗಳಲ್ಲಿ ಹರಡುವ ಬ್ಯಾಕ್ಟೀರಿಯಾಗಳಾದ ಕ್ಲೆಬ್ಸಿಯೆಲ್ಲಾ, ಅಸಿನೆಟೊಬ್ಯಾಕ್ಟರ್‌ಗಳು. ನಮ್ಮ ಐಸಿಯುಗಳಲ್ಲಿ ಇವಕ್ಕೆ ಪ್ರಬಲ ಆಂಟಿಬಯಾಟಿಕ್‌ಗಳೂ ಅನೇಕ ವೇಳೆ ನಾಟುವುದಿಲ್ಲ.

ನನ್ನನ್ನು ಹೆಚ್ಚು ಕಾಡುವುದು ಇದು: ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ, ಆಸ್ಪತ್ರೆ ಸೇರಿದ ಕೋವಿಡ್ ರೋಗಿಗಳಲ್ಲಿ ಬ್ಯಾಕ್ಟೀರಿಯಾ ಸೋಂಕಿದ್ದವರು ಸುಮಾರು ಶೇ. 8, ಆಂಟಿಬಯಾಟಿಕ್ ಪಡೆದವರು ಸುಮಾರು ಶೇ. 75. ಹಾಗೆ ಮುಂಚಿತವಾಗಿ ಔಷಧಿ ಕೊಟ್ಟ ಮೇಲೆ ತೆಗೆದ ರಕ್ತವನ್ನು ಲ್ಯಾಬಿನಲ್ಲಿ ಪರೀಕ್ಷೆಗಿಟ್ಟಾಗ, ಸೋಂಕಿದ್ದರೂ ಬ್ಯಾಕ್ಟೀರಿಯಾ ಬೆಳೆಯದೇ ಇರಬಹುದು. ಆಗ ಯಾವ ಔಷಧಿ ನಾಟುತ್ತದೆಂದು ವೈದ್ಯರಿಗೆ ಹೇಳಲು ಲ್ಯಾಬಿನಲ್ಲಿರುವ ನಮ್ಮಿಂದಲೂ ಆಗುವುದಿಲ್ಲ.